ಕೋಡ್ ಒಂದೇ, ಲೈಸೆನ್ಸ್ ಒಂದೇ. ಮತ್ತೆ ತಕರಾರು ಯಾತಕ್ಕೆ?

ಆಂಡ್ರಾಯ್ಡ್ ಫೋನ್ ಇದ್ದವರು ಸೆಟ್ಟಿಂಗ್ಸ್ ತೆರೆದು, 'ಅಬೌಟ್ ಫೋನ್' ಒಳಗೆ 'ಲೀಗಲ್ ಇನ್‌ಫರ್ಮೇಶನ್' ಒತ್ತಿ ನೋಡಿ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬೇರೆಯಾದರೂ, ಬಳಸಿರುವ ತಂತ್ರಾಂಶಗಳ ಲೈಸೆನ್ಸುಗಳನ್ನು ತೋರಿಸುವ ಸಾಲೊಂದು ಅಲ್ಲೆಲ್ಲೋ ಇರುತ್ತದೆ. ಒತ್ತಿದರೆ ಉದ್ದೋ ಉದ್ದ ಪಟ್ಟಿ. ಬೆರಳು ನೋಯುವಷ್ಟು ಎಳೆದರೂ ಮುಗಿಯದು. ಆ ರಾಶಿಯೊಳಗೆ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸಿನ, ಅಂದರೆ ಜಿಪಿಎಲ್‌ನ, ಎರಡನೇ ಆವೃತ್ತಿಯ ಪೂರ್ತಿ ಪಠ್ಯ ಸಿಗುತ್ತದೆ. ಫೋನಿನ ತಳದಲ್ಲಿ ಓಡುತ್ತಿರುವ ಲಿನಕ್ಸ್ ಕರ್ನಲ್‌ಗೆ, ಅಂದರೆ ಯಂತ್ರಭಾಗವನ್ನು ನಿಭಾಯಿಸುವ ತಿರುಳು ತಂತ್ರಾಂಶಕ್ಕೆ, ಅನ್ವಯಿಸುವ ಲೈಸೆನ್ಸ್ ಅದು. ಈ ಪ್ರೋಗ್ರಾಮನ್ನು ನೀವು ತಿದ್ದಬಹುದು, ಹಂಚಬಹುದು ಎಂದು ಅದರಲ್ಲಿ ಬರೆದಿದೆ.

ಈಗ ನಿಜವಾಗಿಯೂ ತಿದ್ದಲು ಹೊರಡಿ. ಕಂಪನಿಯ ಜಾಲತಾಣದಿಂದ ಕರ್ನಲ್‌ನ ಸೋರ್ಸ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಕೋಡ್, ಇಳಿಸಿಕೊಂಡು, ಒಂದು ಸಾಲು ಬದಲಿಸಿ, ಕಂಪೈಲ್ ಮಾಡಿ (ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು) ಫೋನಿಗೆ ಹಾಕಲು ಹೋದರೆ ಎಷ್ಟೋ ಮಾದರಿಗಳಲ್ಲಿ ಫೋನನ್ನು ಚಾಲೂ ಮಾಡುವ ಬೂಟ್‌ಲೋಡರ್ ಎಂಬ ಪ್ರೋಗ್ರಾಮ್ ಒಪ್ಪುವುದೇ ಇಲ್ಲ. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಕರ್ನಲ್ ಅಲ್ಲಿ ಓಡುವುದಿಲ್ಲ. ಕೋಡ್ ಕೈಯಲ್ಲಿದೆ, ತಿದ್ದುವ ಹಕ್ಕು ಬರಹದಲ್ಲಿದೆ, ಫೋನ್ ನೀವೇ ದುಡ್ಡು ಕೊಟ್ಟು ತಂದದ್ದು. ತಿದ್ದಿದ್ದು ಮಾತ್ರ ಓಡದು.

ಇಲ್ಲಿ ಏನಾದರೂ ತಪ್ಪು ನಡೆದಿದೆಯೇ? ಸ್ವತಂತ್ರ ತಂತ್ರಾಂಶದ ಪಕ್ಷದವರನ್ನು ಕೇಳಿದರೆ, ನಡೆದಿದೆ, ಕಾಗದದ ಮೇಲೆ ಕೊಟ್ಟ ಹಕ್ಕನ್ನು ಕೈಯಿಂದ ಕಿತ್ತುಕೊಂಡಿದ್ದಾರೆ ಎನ್ನುತ್ತಾರೆ. ಓಪನ್ ಸೋರ್ಸ್ ಪಕ್ಷದಲ್ಲಿ ಅನೇಕರು, ಸೋರ್ಸ್ ಕೊಟ್ಟಿದ್ದಾರಲ್ಲ, ಅಲ್ಲಿಗೆ ಕರಾರು ತೀರಿತು, ಯಂತ್ರ ಹೇಗಿರಬೇಕು ಎನ್ನುವುದು ಅದನ್ನು ತಯಾರಿಸಿದವರಿಗೆ ಬಿಟ್ಟದ್ದು ಎನ್ನುತ್ತಾರೆ. ಕಾಲು ಶತಮಾನ ದಾಟಿದ ವಾದದ ತಿರುಳು ಇದೇ. ತಂತ್ರಾಂಶವನ್ನು ಬಳಸುವವರ ಕೈಯಲ್ಲಿ ಕೊನೆಗೆ ಏನು ಉಳಿಯಿತು ಎಂದು ಮೊದಲ ಪಕ್ಷ ನೋಡುತ್ತದೆ. ಬರೆಯುವವರ ನಡುವೆ ಕೋಡ್ ಸಲೀಸಾಗಿ ಓಡಾಡಿತೇ, ಅದರಿಂದ ಒಳ್ಳೆಯ ತಂತ್ರಾಂಶ ಹುಟ್ಟಿತೇ ಎಂದು ಎರಡನೆಯದು ನೋಡುತ್ತದೆ. ಬಹುತೇಕ ಎರಡೂ ಒಟ್ಟಿಗೇ ಸಾಗುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ದಾರಿ ಕವಲೊಡೆದ ಜಾಗಗಳಲ್ಲಿ ನಿಂತು ನೋಡಬೇಕು.

'ಮುಕ್ತ' ಎಂಬ ಪದದ ಕಷ್ಟ

ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳೋಣ. ಇಂಗ್ಲಿಷಿನ 'ಫ್ರೀ' ಎಂಬ ಮಾತಿಗೆ ಪುಕ್ಕಟೆ ಎಂದೂ ಅರ್ಥ, ಸ್ವತಂತ್ರ ಎಂದೂ ಅರ್ಥ. 'ಫ್ರೀ ಸಾಫ್ಟ್‌ವೇರ್' ಎಂದೊಡನೆ ಕಂಪನಿಗಳವರು ಇದರಲ್ಲಿ ದುಡ್ಡು ಹುಟ್ಟುವುದಿಲ್ಲ ಎಂದು ಹಿಂಜರಿಯುತ್ತಿದ್ದರು. 'ಓಪನ್ ಸೋರ್ಸ್' ಎಂಬ ಹೊಸ ಹೆಸರು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ.

ಕನ್ನಡದಲ್ಲಿ ಆ ತೊಂದರೆಯಿಲ್ಲ. ಪುಕ್ಕಟೆ, ಉಚಿತ, ಬಿಟ್ಟಿ ಎಂಬ ಪದಗಳೇ ಬೇರೆ, ಸ್ವಾತಂತ್ರ್ಯವೇ ಬೇರೆ. ನಮ್ಮ ತೊಂದರೆ 'ಮುಕ್ತ' ಎಂಬ ಪದದಲ್ಲಿದೆ. ಬಂಧಮುಕ್ತ ಎನ್ನುವಾಗ ಅದಕ್ಕೆ ಬಿಡುಗಡೆಯ ಅರ್ಥ. ಮುಕ್ತ ವಿಶ್ವವಿದ್ಯಾಲಯ ಎನ್ನುವಾಗ ಬಾಗಿಲು ತೆರೆದಿದೆ ಎಂಬ ಅರ್ಥ. 'ಮುಕ್ತ ತಂತ್ರಾಂಶ' ಎಂದು ಬರೆದರೆ ಯಾವ ಪಕ್ಷದ ಮಾತು ಎಂದು ತಿಳಿಯುವುದಿಲ್ಲ. ಎರಡು ಪಕ್ಷಗಳ ಜಗಳವೇ ಬಿಡುಗಡೆ ಮತ್ತು ತೆರೆದ ಬಾಗಿಲು ಇವೆರಡರ ನಡುವಿನದು ಆಗಿರುವಾಗ, ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಜಗಳ ಅರ್ಥವಾಗುವುದಾದರೂ ಹೇಗೆ? ಅದಕ್ಕೇ ಇಲ್ಲಿ ಫ್ರೀ ಸಾಫ್ಟ್‌ವೇರ್‌ಗೆ 'ಸ್ವತಂತ್ರ ತಂತ್ರಾಂಶ' ಎಂದೂ ಇನ್ನೊಂದಕ್ಕೆ 'ಓಪನ್ ಸೋರ್ಸ್' ಎಂದೂ ಬಳಸಿದ್ದೇವೆ. ಚಳವಳಿಯನ್ನು ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಕೂಡ ಭಾರತದ ಕೇಳುಗರ ಮುಂದೆ 'ಸ್ವತಂತ್ರ' ಎಂಬ ಪದವನ್ನೇ ಬಳಸುವುದುಂಟು.

ಪ್ರಿಂಟರಿನಿಂದ ಬಂಡಿದಾರಿಗೆ

ಸ್ಟಾಲ್‌ಮನ್ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಅಲ್ಲಿನ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಮುದ್ರಣಕ್ಕೆ ಕಾದು ಕುಳಿತವರ ತೆರೆಯ ಮೇಲೆ ಸಂದೇಶ ಬರುವಂತೆ ಅವರು ತಂತ್ರಾಂಶ ತಿದ್ದಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಅದರಲ್ಲೂ ಸಿಕ್ಕಿಕೊಳ್ಳುತ್ತಿತ್ತು, ಆದರೆ ಸೋರ್ಸ್ ಕೋಡ್ ಇರಲಿಲ್ಲ. ಕೋಡ್ ಇದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲ ಎಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಸ್ಟಾಲ್‌ಮನ್ ಅದನ್ನು ತಾಂತ್ರಿಕ ಅನನುಕೂಲವೆಂದು ನೋಡಲಿಲ್ಲ; ನೆರೆಯವರಿಗೆ ನೆರವಾಗುವುದಿಲ್ಲ ಎಂದು ಬರೆದುಕೊಟ್ಟ ನೈತಿಕ ತಪ್ಪು ಎಂದು ನೋಡಿದರು. ಮುಂದಿನದೆಲ್ಲ ಈ ಒಂದು ನೋಟದಿಂದಲೇ ಬೆಳೆದದ್ದು. 1983ರ ಸೆಪ್ಟೆಂಬರಿನಲ್ಲಿ, ಕಂಪ್ಯೂಟರನ್ನು ನಡೆಸುವ ಇಡೀ ವ್ಯವಸ್ಥೆಯನ್ನೇ ಸ್ವತಂತ್ರ ತಂತ್ರಾಂಶವಾಗಿ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು.

ಸ್ವತಂತ್ರ ತಂತ್ರಾಂಶದ ವ್ಯಾಖ್ಯಾನ ನಾಲ್ಕು ಸ್ವಾತಂತ್ರ್ಯಗಳ ಮೇಲೆ ನಿಂತಿದೆ. ಪ್ರೋಗ್ರಾಮನ್ನು ಯಾವ ಉದ್ದೇಶಕ್ಕಾದರೂ ಓಡಿಸುವುದು, ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಓದಿ ತಿದ್ದುವುದು, ಪ್ರತಿ ಮಾಡಿ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ಇವುಗಳ ಎಣಿಕೆ ಸೊನ್ನೆಯಿಂದ ಮೂರರವರೆಗೆ ಸಾಗುತ್ತದೆ. ಮೊದಲು ಮೂರೇ ಇದ್ದವು. ಓಡಿಸುವ ಸ್ವಾತಂತ್ರ್ಯವನ್ನೂ ಬಾಯಿಬಿಟ್ಟು ಹೇಳಬೇಕು ಎಂದು ಆಮೇಲೆ ಹೊಳೆದಾಗ ಅದನ್ನು ಎಲ್ಲಕ್ಕಿಂತ ಮುಂದೆ ಸೊನ್ನೆಯ ಜಾಗದಲ್ಲಿ ಇಟ್ಟರು. ಬೆಲೆಯ ಮಾತು ಇವುಗಳಲ್ಲಿ ಎಲ್ಲೂ ಇಲ್ಲ. 1985ರಲ್ಲಿ ಸ್ಟಾಲ್‌ಮನ್ ತಮ್ಮ ಈಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಕೊಂಡವರು ಅದನ್ನು ಎಷ್ಟು ಜನಕ್ಕೆ ಬೇಕಾದರೂ ಹಂಚಬಹುದಿತ್ತು.

ಈ ಸ್ವಾತಂತ್ರ್ಯ ಮೊದಲ ಕೈಯಲ್ಲೇ ನಿಂತುಹೋಗದಂತೆ ಮಾಡಲು ಹುಟ್ಟಿದ ಉಪಾಯ ಕಾಪಿಲೆಫ್ಟ್. ಹಳ್ಳಿಯಲ್ಲಿ ಹೊಲದ ನಡುವೆ ಹಾದುಹೋಗುವ ಬಂಡಿದಾರಿಯನ್ನು ನೆನೆಯಿರಿ. ದಾರಿ ಬಿಡಬೇಕು ಎಂದು ಕ್ರಯಪತ್ರದಲ್ಲಿ ಬರೆದಿದ್ದರೆ, ಹೊಲ ಎಷ್ಟು ಕೈ ಬದಲಾದರೂ ಕೊಂಡವರು ಅಲ್ಲಿ ಬೇಲಿ ಹಾಕುವಂತಿಲ್ಲ. ಜಿಪಿಎಲ್ ಹಾಗೆ. ಅದರಡಿ ಬಂದ ಕೋಡನ್ನು ತಿದ್ದಿ ಬೇರೆಯವರಿಗೆ ಕೊಟ್ಟರೆ, ಸೋರ್ಸನ್ನೂ ಅದೇ ಹಕ್ಕುಗಳನ್ನೂ ಜೊತೆಗೆ ಕೊಡಲೇಬೇಕು. ಮನೆಯಲ್ಲೇ ತಿದ್ದಿ ಮನೆಯಲ್ಲೇ ಬಳಸಿಕೊಂಡರೆ ಯಾರಿಗೂ ಏನೂ ಕೊಡಬೇಕಿಲ್ಲ, ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಎಂಐಟಿ, ಬಿಎಸ್‌ಡಿ ಮಾದರಿಯ ಸಡಿಲ ಲೈಸೆನ್ಸುಗಳಲ್ಲಿ ಈ ಕಟ್ಟು ಇಲ್ಲ. ಮೂಲ ಬರೆದವರ ಹೆಸರು ಉಳಿಸಿಕೊಂಡರೆ ಸಾಕು. ಮೂಲ ಕೋಡ್ ತೆರೆದೇ ಇರುತ್ತದೆ, ಆದರೆ ಅದರ ಮೇಲೆ ಕಟ್ಟಿದ ಹೊಸದಕ್ಕೆ ಬೇಲಿ ಹಾಕಿಕೊಳ್ಳಬಹುದು. ಸೋನಿಯ ಪ್ಲೇಸ್ಟೇಶನ್ 4ರ ಒಳಗಿರುವುದು ಬಿಎಸ್‌ಡಿ ಲೈಸೆನ್ಸಿನ ಫ್ರೀಬಿಎಸ್‌ಡಿ ಆಧಾರದ ವ್ಯವಸ್ಥೆ, ಆದರೆ ಆ ವ್ಯವಸ್ಥೆಯನ್ನು ತಿದ್ದಿ ಓಡಿಸುವ ಹಕ್ಕು ಆಟ ಆಡುವವರಿಗೆ ಇಲ್ಲ.

ಒಂದು ಎಚ್ಚರಿಕೆ: ಕಾಪಿಲೆಫ್ಟ್ ಎಂದರೆ ಸ್ವತಂತ್ರ ತಂತ್ರಾಂಶ, ಸಡಿಲ ಲೈಸೆನ್ಸ್ ಎಂದರೆ ಓಪನ್ ಸೋರ್ಸ್ ಎಂದು ಗೆರೆ ಎಳೆದುಬಿಡುವುದು ಸುಲಭ, ಆದರೆ ತಪ್ಪು. ಬಿಎಸ್‌ಡಿ ಲೈಸೆನ್ಸಿನ ಪ್ರೋಗ್ರಾಮ್ ಫೌಂಡೇಶನ್ನಿನ ಲೆಕ್ಕದಲ್ಲೂ ಸ್ವತಂತ್ರವೇ, ಜಿಪಿಎಲ್ ಓಪನ್ ಸೋರ್ಸ್ ಪಟ್ಟಿಯಲ್ಲೂ ಇದೆ.

ಹೊಸ ಹೆಸರು ಹುಟ್ಟಿದ ವಾರ

1998ರ ಜನವರಿ 22ರಂದು ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಬಿಡುಗಡೆ ಮಾಡುವುದಾಗಿ ಹೇಳಿತು. ಈ ಅವಕಾಶವನ್ನು ಹಿಡಿದು ಉಳಿದ ಕಂಪನಿಗಳನ್ನೂ ಒಲಿಸುವುದು ಹೇಗೆ ಎಂದು ಚರ್ಚಿಸಲು ಫೆಬ್ರವರಿ 3ರಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಕೆಲವರು ಸೇರಿದರು. 'ಓಪನ್ ಸೋರ್ಸ್' ಎಂಬ ಹೆಸರನ್ನು ಮುಂದಿಟ್ಟವರು ಕ್ರಿಸ್ಟೀನ್ ಪೀಟರ್ಸನ್. ಅದೇ ತಿಂಗಳು ಪ್ರೋಗ್ರಾಮರುಗಳಾದ ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಓಪನ್ ಸೋರ್ಸ್ ಇನಿಶಿಯೇಟಿವ್ ಕಟ್ಟಿದರು.

ಅದರ ಹತ್ತು ಅಂಶಗಳ ವ್ಯಾಖ್ಯಾನ ಹೊಸದಾಗಿ ಬರೆದದ್ದಲ್ಲ. ಲಿನಕ್ಸ್ ಆಧಾರದ ವ್ಯವಸ್ಥೆಯೊಂದನ್ನು ಕಟ್ಟುವ ಡೆಬಿಯನ್ ಯೋಜನೆ 1997ರಲ್ಲಿ 'ಸ್ವತಂತ್ರ ತಂತ್ರಾಂಶ' ಯಾವುದು ಎಂದು ತೀರ್ಮಾನಿಸಲು ಮಾಡಿಕೊಂಡ ಮಾರ್ಗಸೂಚಿಯನ್ನೇ, ಡೆಬಿಯನ್ನಿನ ಹೆಸರು ತೆಗೆದು, ಪೆರೆನ್ಸ್ ಇಲ್ಲಿಗೆ ತಂದರು. ಹಾಗಾಗಿ ಎರಡು ಪಕ್ಷಗಳ ಲೈಸೆನ್ಸ್ ಪಟ್ಟಿಗಳು ಬಹುತೇಕ ಒಂದೇ. ಅಲ್ಲೊಂದು ಇಲ್ಲೊಂದು ಮಾತ್ರ ಬೇರೆಯಾಗುತ್ತದೆ. ನಾಸಾದ ಓಪನ್ ಸೋರ್ಸ್ ಒಪ್ಪಂದಕ್ಕೆ ಇನಿಶಿಯೇಟಿವ್‌ನ ಒಪ್ಪಿಗೆಯಿದೆ, ಫೌಂಡೇಶನ್ನಿನದು ಇಲ್ಲ. ಮಾಡಿದ ಬದಲಾವಣೆ ನಿಮ್ಮದೇ ಸ್ವಂತ ಸೃಷ್ಟಿಯಾಗಿರಬೇಕು ಎಂಬ ಷರತ್ತು ಅದರಲ್ಲಿದ್ದು, ಬೇರೆ ಕಡೆಯ ಸ್ವತಂತ್ರ ಕೋಡನ್ನು ತಂದು ಸೇರಿಸಲು ಅದು ಅಡ್ಡಿ. ರೆಸಿಪ್ರೋಕಲ್ ಪಬ್ಲಿಕ್ ಲೈಸೆನ್ಸಿನದೂ ಇದೇ ಕಥೆ. ಸಂಸ್ಥೆಯೊಳಗೆ ಖಾಸಗಿಯಾಗಿ ಬಳಸುವ ಬದಲಾವಣೆಯನ್ನೂ ಅದು ಹೊರಗೆ ಹಾಕಿಸುತ್ತದೆ. ಫೌಂಡೇಶನ್ನಿನ ದೃಷ್ಟಿಯಲ್ಲಿ ಇದು ಖಾಸಗಿತನದ ಮೇಲೆ ಕೈ ಹಾಕಿದಂತೆ. ಸ್ವತಂತ್ರ ತಂತ್ರಾಂಶದವರು ಎಲ್ಲವನ್ನೂ ಬಲವಂತದಿಂದ ತೆರೆಸುವವರು ಎಂದು ತಿಳಿದವರು ಈ ಉದಾಹರಣೆಯನ್ನು ಗಮನಿಸಬೇಕು.

ವ್ಯಾಖ್ಯಾನ ಹೆಚ್ಚುಕಡಿಮೆ ಒಂದೇ ಆದರೂ ಸಮರ್ಥನೆ ಒಂದೇ ಆಗಿರಲಿಲ್ಲ. ಸಾಕಷ್ಟು ಕಣ್ಣುಗಳು ನೋಡಿದರೆ ಯಾವ ದೋಷವೂ ಆಳದಲ್ಲಿ ಅಡಗಿರದು ಎಂಬುದು ರೇಮಂಡ್ ಮುಂದಿಟ್ಟ ವಾದ. ತೆರೆದಿಟ್ಟರೆ ಗುಣಮಟ್ಟ ಏರುತ್ತದೆ, ಖರ್ಚು ಇಳಿಯುತ್ತದೆ, ಆದ್ದರಿಂದ ತೆರೆಯಿರಿ. ಕಂಪನಿಯ ಆಡಳಿತ ಮಂಡಳಿಗೆ ಒಪ್ಪುವ ಭಾಷೆ ಅದು, ಮತ್ತು ಅದು ಕೆಲಸ ಮಾಡಿತು ಎನ್ನುವುದನ್ನು ಅಲ್ಲಗಳೆಯಲಾಗದು. ಆದರೆ ಒಂದೇ ವರ್ಷದಲ್ಲಿ, 1999ರ ಫೆಬ್ರವರಿಯಲ್ಲಿ, ಪೆರೆನ್ಸ್ ತಾವೇ ಕಟ್ಟಿದ ಸಂಸ್ಥೆಯಿಂದ ದೂರ ಸರಿದು, ಸ್ವಾತಂತ್ರ್ಯದ ಮಾತು ಹಿಂದೆ ಬಿತ್ತು, ಅದನ್ನು ಮತ್ತೆ ಆಡುವ ಕಾಲ ಬಂದಿದೆ ಎಂದು ಬಹಿರಂಗವಾಗಿ ಬರೆದರು.

ಗುಣಮಟ್ಟದ ವಾದಕ್ಕೆ ಒಂದು ಒಳಬಿರುಕಿದೆ. ಓಪನ್ ಸೋರ್ಸ್ ಬೇಕು ಯಾಕೆಂದರೆ ಅದು ಚೆನ್ನಾಗಿರುತ್ತದೆ ಎಂದರೆ, ಮುಚ್ಚಿದ ಪ್ರೋಗ್ರಾಮ್ ಇನ್ನೂ ಚೆನ್ನಾಗಿದ್ದ ದಿನ ಅದನ್ನೇ ಬಳಸಬೇಕಾಗುತ್ತದೆ. ಲಿನಕ್ಸ್ ಕರ್ನಲ್‌ನ ಬಳಗದಲ್ಲಿ ಹಾಗೇ ನಡೆಯಿತು.

ಬಿಟ್‌ಕೀಪರ್ ಪ್ರಸಂಗ

ಸಾವಿರಾರು ಜನ ಒಂದೇ ಕೋಡನ್ನು ತಿದ್ದುವಾಗ, ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂದು ದಾಖಲಿಸಿ ಒಗ್ಗೂಡಿಸುವ ಸಾಧನ ಬೇಕು. 2002ರಲ್ಲಿ, ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬಿಟ್‌ಕೀಪರ್ ಎಂಬ ಮುಚ್ಚಿದ ತಂತ್ರಾಂಶವನ್ನು ಆರಿಸಿಕೊಂಡರು. ಆಗ ಇದ್ದುದರಲ್ಲಿ ಅದೇ ಉತ್ತಮ ಎಂಬುದಷ್ಟೇ ಅವರ ಕಾರಣ. ಕಂಪನಿ ಕರ್ನಲ್ ಅಭಿವೃದ್ಧಿಗಾರರಿಗೆ ಅದನ್ನು ಪುಕ್ಕಟೆ ಕೊಟ್ಟಿತು, ಆದರೆ ಬಳಸುವವರು ಅದಕ್ಕೆ ಪೈಪೋಟಿಯಾಗುವ ಸಾಧನದ ಮೇಲೆ ಕೆಲಸ ಮಾಡಬಾರದು ಎಂಬ ಷರತ್ತು ಇತ್ತು. ಸ್ಟಾಲ್‌ಮನ್ ಬಹಿರಂಗವಾಗಿ ವಿರೋಧಿಸಿದರು. ಸಾಧನ ಕೆಟ್ಟದ್ದು ಎಂದು ಅವರು ಹೇಳಲಿಲ್ಲ. ಕೆಲಸದ ಕೀಲಿಕೈ ಇನ್ನೊಬ್ಬರ ಜೇಬಿನಲ್ಲಿದೆ ಎಂಬುದು ಅವರ ಆಕ್ಷೇಪ.

ಮೂರು ವರ್ಷ ಕೆಲಸ ಸುಗಮವಾಗಿಯೇ ನಡೆಯಿತು. ಆಮೇಲೆ ಸಾಂಬಾ ಎಂಬ ಸ್ವತಂತ್ರ ತಂತ್ರಾಂಶ ಬರೆದ ಆಂಡ್ರ್ಯೂ ಟ್ರಿಡ್ಜೆಲ್, ಬಿಟ್‌ಕೀಪರ್ ಸರ್ವರಿನ ಜೊತೆ ಮಾತಾಡಬಲ್ಲ ಸ್ವತಂತ್ರ ಪ್ರೋಗ್ರಾಮ್ ಬರೆಯಲು ಹೊರಟರು. ಅವರು ಮಾಡಿದ್ದು ದೊಡ್ಡ ಗುಟ್ಟೇನೂ ಅಲ್ಲ. ಸರ್ವರಿನ ಪೋರ್ಟಿಗೆ ಟೆಲ್‌ನೆಟ್ ಮೂಲಕ ಸಂಪರ್ಕಿಸಿ 'ಹೆಲ್ಪ್' ಎಂದು ಟೈಪ್ ಮಾಡಿದರೆ, ಯಾವ ಆದೇಶಗಳು ನಡೆಯುತ್ತವೆ ಎಂದು ಅದೇ ಹೇಳುತ್ತಿತ್ತು. 2005ರಲ್ಲಿ ಆಸ್ಟ್ರೇಲಿಯಾದ ಸಮಾವೇಶವೊಂದರಲ್ಲಿ ಅವರು ಇದನ್ನು ಎಲ್ಲರೆದುರೇ ಮಾಡಿ ತೋರಿಸಿದರು. ಅಷ್ಟು ಹೊತ್ತಿಗೆ ಕಂಪನಿ ಪುಕ್ಕಟೆ ಪ್ರತಿಯನ್ನು ಹಿಂತೆಗೆದುಕೊಂಡಾಗಿತ್ತು. ಕರ್ನಲ್‌ನ ಕೆಲಸಕ್ಕೆ ಸಾಧನವೇ ಇಲ್ಲದಂತಾಯಿತು. ಟೊರ್ವಾಲ್ಡ್ಸ್ ಏಪ್ರಿಲ್ 3ರಂದು ಹೊಸದೊಂದನ್ನು ಬರೆಯಲು ಕುಳಿತರು. ನಾಲ್ಕು ದಿನಗಳಲ್ಲಿ ಅದು ತನ್ನದೇ ಕೋಡನ್ನು ತಾನು ಸಂಭಾಳಿಸುವ ಮಟ್ಟಕ್ಕೆ ಬಂತು. ಇಂದು ಜಗತ್ತು ಬಳಸುವ ಗಿಟ್ ಅದೇ. ಜಿಪಿಎಲ್ ಎರಡನೇ ಆವೃತ್ತಿಯಡಿ ಬಂತು.

ಈ ಪ್ರಸಂಗವನ್ನು ಎರಡೂ ಪಕ್ಷ ತಮ್ಮ ಸಾಕ್ಷಿಯಾಗಿ ಓದುತ್ತವೆ. ನೋಡಿ, ಇನ್ನೊಬ್ಬರ ಕೃಪೆಯಲ್ಲಿದ್ದಿರಿ, ಕೃಪೆ ನಿಂತಿತು ಎನ್ನುತ್ತದೆ ಒಂದು. ಬಿಟ್‌ಕೀಪರ್ ಬಳಸಿದ್ದರಿಂದಲೇ ಇಂಥ ಸಾಧನ ಹೇಗಿರಬೇಕು ಎಂದು ತಿಳಿಯಿತು, ಅಡ್ಡಿ ಬಂದಾಗ ವಾರದಲ್ಲಿ ದಾಟಿದೆವು ಎನ್ನುತ್ತದೆ ಇನ್ನೊಂದು. ಎರಡನೆಯ ಮಾತಿನಲ್ಲಿ ಸತ್ಯವಿದೆ, ಆದರೆ ಟೊರ್ವಾಲ್ಡ್ಸ್‌ರಂಥವರು ಇಲ್ಲದ ಯೋಜನೆಗೆ ಆ ವಾರ ಸಿಗುವುದಿಲ್ಲ. ಈಗ ಗಿಟ್ ಬಳಸುವ ಬಹಳಷ್ಟು ಯೋಜನೆಗಳು ನೆಲೆ ನಿಂತಿರುವುದು ಗಿಟ್‌ಹಬ್‌ನಲ್ಲಿ. ಆ ತಾಣದ ಕೋಡ್ ಮುಚ್ಚಿದ್ದು. ಅದೇ ಪ್ರಶ್ನೆ ಮತ್ತೆ ಬಂದು ನಿಂತಿದೆ.

ಕಣ್ಣುಗಳ ವಾದಕ್ಕೆ ಬಿದ್ದ ಇನ್ನೊಂದು ಪೆಟ್ಟು ಹಾರ್ಟ್‌ಬ್ಲೀಡ್. ಜಾಲತಾಣಗಳ ಗುಪ್ತ ಸಂವಹನಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನ 1.0.1 ಆವೃತ್ತಿ 2012ರ ಮಾರ್ಚಿನಲ್ಲಿ ಬಂತು. ಅದರಲ್ಲಿದ್ದ ದೋಷ ಬಯಲಿಗೆ ಬಿದ್ದದ್ದು 2014ರ ಏಪ್ರಿಲಿನಲ್ಲಿ. ಎರಡು ವರ್ಷ ಕೋಡ್ ಎಲ್ಲರ ಕಣ್ಣೆದುರೇ ಇತ್ತು, ನೋಡುವವರು ಇರಲಿಲ್ಲ. ಸೋರ್ಸ್ ತೆರೆದರೆ ಓದುವ ಅವಕಾಶ ಸಿಗುತ್ತದೆಯೇ ಹೊರತು ಓದುವ ಜನ ತಾನಾಗಿ ಸಿಗುವುದಿಲ್ಲ. ಸ್ವತಂತ್ರ ತಂತ್ರಾಂಶದ ವಾದ ಈ ಪೆಟ್ಟಿಗೆ ಅಲುಗುವುದಿಲ್ಲ, ಏಕೆಂದರೆ ಅದು ಗುಣಮಟ್ಟದ ಭರವಸೆ ಕೊಟ್ಟೇ ಇರಲಿಲ್ಲ. ಹಾಗೆಂದು ಅದಕ್ಕೂ ಕಷ್ಟ ತಪ್ಪಿದ್ದಲ್ಲ. ಕೋಡ್ ಓದಲು ಬಾರದ ಕೋಟ್ಯಂತರ ಜನರಿಗೆ ತಿದ್ದುವ ಹಕ್ಕಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಅದು ಉತ್ತರಿಸಬೇಕು. ಬಾರದವರು ಬಲ್ಲವರಿಂದ ಮಾಡಿಸಿಕೊಳ್ಳಬಹುದು ಎಂಬುದು ಅದರ ಉತ್ತರ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಗ್ನೋಮ್‌ಗಳಿಗೆ ಕನ್ನಡ ಬಂದದ್ದು ಹೀಗೆಯೇ. ಕನ್ನಡಕ್ಕೆ ಮಾರುಕಟ್ಟೆ ಇದೆಯೇ ಎಂದು ಯಾವ ಕಂಪನಿಯೂ ತೀರ್ಮಾನಿಸಬೇಕಾಗಲಿಲ್ಲ, ಬಲ್ಲ ಕನ್ನಡಿಗರು ಕೂತು ಅನುವಾದಿಸಿದರು, ಕೋಡ್ ಬಾರದವರು ಬಳಸಿದರು.

ಟಿವೊ ಪೆಟ್ಟಿಗೆ ಮತ್ತು ಮೂರನೇ ಆವೃತ್ತಿ

ಲೇಖನದ ಮೊದಲಿಗೆ ಹೇಳಿದ ಫೋನಿನ ಬೀಗಕ್ಕೆ ಒಬ್ಬ ಪೂರ್ವಜನಿದ್ದಾನೆ. ಅಮೆರಿಕದ ಟಿವೊ ಕಂಪನಿ ಟೀವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳುವ ಪೆಟ್ಟಿಗೆಗಳನ್ನು ಮಾರುತ್ತಿತ್ತು. ಒಳಗೆ ಲಿನಕ್ಸ್. ಜಿಪಿಎಲ್ ಹೇಳಿದಂತೆ ಕಂಪನಿ ಸೋರ್ಸ್ ಪ್ರಕಟಿಸಿತು. ಆದರೆ ಪೆಟ್ಟಿಗೆಯ ಯಂತ್ರಭಾಗ ಚಾಲೂ ಆಗುವಾಗ ಕರ್ನಲ್‌ನ ಸಹಿ ಪರೀಕ್ಷಿಸುತ್ತಿತ್ತು. ಸಹಿ ಹಾಕುವ ಗುಪ್ತ ಕೀಲಿ ಕಂಪನಿಯ ಬಳಿ ಮಾತ್ರ ಇರುತ್ತದೆ. ಕೋಡಿನಲ್ಲಿ ಒಂದಕ್ಷರ ಬದಲಾದರೂ ಅದರ ಹ್ಯಾಶ್, ಅಂದರೆ ಗುರುತಿನ ಸಂಖ್ಯೆ, ಬದಲಾಗುತ್ತದೆ. ಹಳೆಯ ಸಹಿ ಹೊಂದುವುದಿಲ್ಲ. ಹೊಸ ಸಹಿ ಹಾಕಲು ನಿಮ್ಮಲ್ಲಿ ಕೀಲಿ ಇಲ್ಲ. ಅಲ್ಲಿಗೆ ಪೆಟ್ಟಿಗೆ ಮುಂದೆ ಹೋಗುವುದಿಲ್ಲ. ಸ್ಟಾಲ್‌ಮನ್ ಇದಕ್ಕೆ ಟಿವೊಕರಣ ಎಂಬರ್ಥದ ಹೆಸರನ್ನೇ ಇಟ್ಟರು.

2007ರ ಜೂನ್ 29ರಂದು ಬಂದ ಜಿಪಿಎಲ್ ಮೂರನೇ ಆವೃತ್ತಿಯ ಆರನೇ ಕಲಮು ಇದಕ್ಕೆ ಉತ್ತರ. ಮನೆಬಳಕೆಯ ಸಾಧನದ ಜೊತೆ ತಂತ್ರಾಂಶ ಕೊಟ್ಟರೆ, ತಿದ್ದಿದ ಪ್ರತಿಯನ್ನು ಅದೇ ಸಾಧನದಲ್ಲಿ ಹಾಕಿ ಓಡಿಸಲು ಬೇಕಾದ ಮಾಹಿತಿಯನ್ನೂ, ಕೀಲಿ ಬೇಕಿದ್ದರೆ ಕೀಲಿಯನ್ನೂ, ಕೊಡಬೇಕು. ತಿದ್ದಿದ ಸಾಧನಕ್ಕೆ ವಾರಂಟಿ ಕೊಡಬೇಕೆಂದೇನೂ ಅದು ಹೇಳುವುದಿಲ್ಲ. ತಂತ್ರಾಂಶವನ್ನು ಯಾರೂ ಬದಲಿಸಲಾಗದಂತೆ, ಓದಲು ಮಾತ್ರ ಬರುವ ಚಿಪ್ಪಿನಲ್ಲಿ ಕಾಯಂ ಆಗಿ ಬರೆದಿದ್ದರೆ ಈ ನಿಯಮ ಅನ್ವಯಿಸುವುದೂ ಇಲ್ಲ. ತಯಾರಕರಿಗೆ ಬದಲಿಸಲು ಬರುತ್ತದೆ, ಒಡೆಯರಿಗೆ ಬರುವುದಿಲ್ಲ ಎಂಬ ಅಸಮಾನತೆಯೇ ಅದರ ಗುರಿ.

ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಅವರ ನಿಲುವನ್ನು ಕಂಪನಿಪರ ಎಂದು ತಳ್ಳಿಹಾಕುವುದು ಅನ್ಯಾಯ. ಎರಡನೇ ಆವೃತ್ತಿಯನ್ನು ಅವರು ಇಷ್ಟಪಟ್ಟದ್ದು, ನಾನು ಕೋಡ್ ಕೊಡುತ್ತೇನೆ, ನೀವು ಮಾಡಿದ ಬದಲಾವಣೆಯನ್ನು ನನಗೆ ಕೊಡಿ ಎಂಬ ನೇರ ಕೊಡುಕೊಳೆಗಾಗಿ. ಟಿವೊ ಬದಲಾವಣೆಗಳನ್ನು ಕೊಟ್ಟಿತ್ತು. ಅದರಾಚೆ ಯಂತ್ರದ ವಿನ್ಯಾಸಕ್ಕೆ ಕೈ ಹಾಕಲು ತಂತ್ರಾಂಶದ ಲೈಸೆನ್ಸಿಗೆ ಅಧಿಕಾರವಿಲ್ಲ ಎಂಬುದು ಅವರ ವಾದ. 2006ರ ಸೆಪ್ಟೆಂಬರಿನಲ್ಲಿ ಕರ್ನಲ್‌ನ ಪ್ರಮುಖ ಅಭಿವೃದ್ಧಿಗಾರರು ಕೂಡ ಕರಡನ್ನು ವಿರೋಧಿಸಿ ಹೇಳಿಕೆ ಹೊರಡಿಸಿದ್ದರು. ಕರ್ನಲ್ ಇಂದಿಗೂ ಎರಡನೇ ಆವೃತ್ತಿಯಲ್ಲೇ ಇದೆ. ಬದಲಿಸಬೇಕೆಂದರೂ ಸಾವಿರಾರು ಬರಹಗಾರರ ಕಾಪಿರೈಟ್ ಅದರಲ್ಲಿ ಹರಡಿಕೊಂಡಿದೆ, ಎಲ್ಲರ ಒಪ್ಪಿಗೆ ಪಡೆಯುವುದು ಆಗದ ಮಾತು.

ಮೂರನೇ ಆವೃತ್ತಿ ಗೆದ್ದಿತೇ? ಬೀಗ ಹಾಕಲು ಬಯಸುವ ಕಂಪನಿಗಳು ಅದನ್ನು ಮುಟ್ಟದೆ ದೂರ ಉಳಿದವು. ಆಪಲ್ ತನ್ನ ಮ್ಯಾಕ್‌ನಲ್ಲಿ, ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಬ್ಯಾಶ್ ಶೆಲ್ಲನ್ನು ಎರಡನೇ ಆವೃತ್ತಿಯ ಲೈಸೆನ್ಸಿದ್ದ 3.2ರಲ್ಲೇ ನಿಲ್ಲಿಸಿ, 2019ರಲ್ಲಿ ಸಡಿಲ ಲೈಸೆನ್ಸಿನ ಝಡ್‌ಶೆಲ್‌ಗೆ ಬದಲಾಯಿಸಿತು. ಬೀಗವನ್ನು ತಡೆಯಲು ಬರೆದ ಲೈಸೆನ್ಸ್ ಬೀಗ ಹಾಕುವವರ ಸಾಧನಗಳಿಂದಲೇ ಹೊರಗುಳಿಯಿತು. ತತ್ತ್ವ ಸರಿ ಎಂದು ನಂಬುವವರೂ ಈ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇದೇ ತತ್ತ್ವ ವೈಫೈ ಚಿಪ್ಪಿನ ಮಟ್ಟಕ್ಕೆ ಇಳಿದಾಗ ಮನೆಯ ಲ್ಯಾಪ್‌ಟಾಪಿನಲ್ಲೇ ಅನುಭವಕ್ಕೆ ಬರುತ್ತದೆ. ಫೌಂಡೇಶನ್ ಮೆಚ್ಚಿದ ಟ್ರಿಸ್ಕೆಲ್‌ನಂಥ ಲಿನಕ್ಸ್ ವ್ಯವಸ್ಥೆ ಹಾಕಿದರೆ ಅನೇಕ ಲ್ಯಾಪ್‌ಟಾಪುಗಳಲ್ಲಿ ವೈಫೈ ಕಾಣುವುದೇ ಇಲ್ಲ. ಯಂತ್ರ ಕೆಟ್ಟಿದೆ ಎಂದು ಹೆದರಬೇಕಿಲ್ಲ. ಚಿಪ್ಪಿನೊಳಗೆ ಓಡುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಮುಚ್ಚಿದ್ದು, ಆ ವ್ಯವಸ್ಥೆಯ ಕರ್ನಲ್ ಅಂಥದ್ದನ್ನು ತುಂಬುವುದಿಲ್ಲ. ಅಥೆರೋಸ್ ಎಆರ್9271 ಚಿಪ್ಪಿನ ಯುಎಸ್‌ಬಿ ಡಾಂಗಲ್ ಹಾಕಿದರೆ ನಡೆಯುತ್ತದೆ, ಏಕೆಂದರೆ ಅದರ ಫರ್ಮ್‌ವೇರ್ ಕೂಡ ಸ್ವತಂತ್ರ. ಡೆಬಿಯನ್ ಇದೇ ಸಮಸ್ಯೆಗೆ 2022ರಲ್ಲಿ ಮತ ಹಾಕಿ ಬೇರೆ ತೀರ್ಮಾನಕ್ಕೆ ಬಂತು. 2023ರ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರಿನಲ್ಲೇ ಮುಚ್ಚಿದ ಫರ್ಮ್‌ವೇರ್ ಬರುತ್ತದೆ. ತಂತಿಯ ಸಂಪರ್ಕವಿಲ್ಲದ ಲ್ಯಾಪ್‌ಟಾಪಿಗೆ ಅದಿಲ್ಲದೆ ಇನ್‌ಸ್ಟಾಲ್ ಮಾಡುವುದೇ ಕಷ್ಟವಾಗುತ್ತಿತ್ತು.

ಒತ್ತಕ್ಷರ ಹೇಳುವ ಸಾಕ್ಷಿ

ಸಡಿಲ ಲೈಸೆನ್ಸಿನ ಪರವಾದ ಗಟ್ಟಿ ಸಾಕ್ಷಿ ನೀವು ಓದುತ್ತಿರುವ ಅಕ್ಷರಗಳಲ್ಲೇ ಇದೆ. 'ರಾಷ್ಟ್ರ' ಎಂಬ ಪದ ಯುನಿಕೋಡಿನಲ್ಲಿ ಏಳು ಸಂಕೇತಗಳ ಸಾಲು: ರ, ದೀರ್ಘದ ಗುರುತು, ಷ, ಹಲಂತ, ಟ, ಹಲಂತ, ರ. ಟ ಮತ್ತು ರ ಒತ್ತಾಗಿ ಷಕಾರದ ಕೆಳಗೆ ಇಳಿಯಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಮ್ ಇಲ್ಲದಿದ್ದರೆ 'ರಾಷ್‌ಟ್‌ರ' ಎಂದು ಚೆಲ್ಲಾಪಿಲ್ಲಿಯಾಗುತ್ತದೆ. ಆ ಕೆಲಸ ಮಾಡುವ ಹಾರ್ಫ್‌ಬಜ್ ಎಂಬ ಲೈಬ್ರರಿ (ಬೇರೆ ತಂತ್ರಾಂಶಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಕೋಡ್) ಹಳೆಯ ಎಂಐಟಿ ಮಾದರಿಯ ಸಡಿಲ ಲೈಸೆನ್ಸಿನದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅದನ್ನು ಬಳಸುತ್ತವೆ, ಮುಚ್ಚಿದ ತಂತ್ರಾಂಶಗಳಾದ ಅಡೋಬಿಯ ಫೋಟೋಶಾಪ್, ಇನ್‌ಡಿಸೈನ್ ಕೂಡ. ಅದು ಜಿಪಿಎಲ್‌ನಡಿ ಇದ್ದಿದ್ದರೆ ಮುಚ್ಚಿದ ತಂತ್ರಾಂಶದ ಕಂಪನಿಗಳು ತಂತಮ್ಮದೇ ಬರೆದುಕೊಳ್ಳಬೇಕಿತ್ತು, ಮತ್ತು ಕನ್ನಡದ ಸರದಿ ಕೊನೆಗೆ ಬರುವ ಸಾಧ್ಯತೆಯೇ ಹೆಚ್ಚಿತ್ತು.

ಇದನ್ನು ಸ್ಟಾಲ್‌ಮನ್ ಪೂರ್ತಿ ನಿರಾಕರಿಸುವವರಲ್ಲ. 2001ರಲ್ಲಿ ಆಗ್ ವೋರ್ಬಿಸ್ ಎಂಬ ಧ್ವನಿ ಕಡತ ಮಾದರಿಯ ಲೈಬ್ರರಿಗಳು ಬಿಎಸ್‌ಡಿ ಮಾದರಿಗೆ ಬದಲಾದಾಗ ಅವರು ಒಪ್ಪಿದರು. ಪೇಟೆಂಟಿನ ಹಿಡಿತದಲ್ಲಿದ್ದ ಎಂಪಿ3ಗೆ ಬದಲಾಗಿ ಇದು ಎಲ್ಲ ಕಡೆ ಹಬ್ಬುವುದು ಮುಖ್ಯ ಎಂಬುದು ಕಾರಣ. ಸ್ವಾತಂತ್ರ್ಯ ಗುರಿ, ಕಾಪಿಲೆಫ್ಟ್ ಅದಕ್ಕಿರುವ ಸಾಧನ ಎಂಬ ಭೇದ ಇಲ್ಲಿ ಸ್ಪಷ್ಟವಾಗುತ್ತದೆ.

ಸರ್ವರಿನ ಆಚೆ

ತಂತ್ರಾಂಶ ನಿಮ್ಮ ಯಂತ್ರಕ್ಕೆ ಬರದೆ ಕಂಪನಿಯ ಸರ್ವರಿನಲ್ಲೇ ಓಡಿದರೆ ಜಿಪಿಎಲ್‌ಗೆ ಹಿಡಿತ ಸಿಗದು. ಯಾರಿಗೂ ಪ್ರತಿ ಕೊಟ್ಟಿಲ್ಲವಲ್ಲ. ಈ ಕಿಂಡಿ ಮುಚ್ಚಲು ಆಫೆರೊ ಜಿಪಿಎಲ್ ಇದೆ. ಪ್ರೋಗ್ರಾಮನ್ನು ತಿದ್ದಿ ಜಾಲದ ಮೂಲಕ ಬಳಕೆಗೆ ಇಟ್ಟರೆ, ಬಳಸುವವರಿಗೆ ಸೋರ್ಸ್ ಸಿಗುವಂತೆ ಮಾಡಬೇಕು ಎನ್ನುತ್ತದೆ ಅದರ 13ನೇ ಕಲಮು. 2018ರಲ್ಲಿ ಮಾಂಗೊಡಿಬಿ ಎಂಬ ಡೇಟಾಬೇಸ್ ಕಂಪನಿ ಇದೂ ಸಾಲದೆಂದು ಎಸ್‌ಎಸ್‌ಪಿಎಲ್ ಎಂಬ ಹೊಸ ಲೈಸೆನ್ಸ್ ತಂದಿತು. ಆ ತಂತ್ರಾಂಶವನ್ನು ಜಾಲದ ಸೇವೆಯಾಗಿ ಮಾರುವವರು ಸುತ್ತಲಿನ ನಿರ್ವಹಣಾ ತಂತ್ರಾಂಶಗಳ ಸೋರ್ಸನ್ನೂ ತೆರೆಯಬೇಕು ಎಂಬುದು ಷರತ್ತು. ಇದು ಓಪನ್ ಸೋರ್ಸ್ ಅಲ್ಲ ಎಂದು ಇನಿಶಿಯೇಟಿವ್ ಹೇಳಿತು. 2021ರಲ್ಲಿ ಎಲಾಸ್ಟಿಕ್, 2024ರಲ್ಲಿ ರೆಡಿಸ್ ಅದೇ ಹಾದಿ ಹಿಡಿದಾಗ ಹಳೆಯ ಲೈಸೆನ್ಸಿನ ಕೋಡನ್ನೇ ಬೇರೆಯವರು ಮುಂದುವರಿಸಿ ಓಪನ್‌ಸರ್ಚ್, ವಾಲ್‌ಕೀ ಎಂಬ ಕವಲುಗಳು ಹುಟ್ಟಿದವು. ಆಮೇಲೆ ಎರಡೂ ಕಂಪನಿಗಳು ಆಫೆರೊ ಜಿಪಿಎಲ್ ಆಯ್ಕೆಯನ್ನು ಸೇರಿಸಿದವು. ಯೋಜನೆಯೊಂದಕ್ಕೆ ಕೋಡ್ ಕೊಡುವ ಮುನ್ನ ಇದರಿಂದ ಕಲಿಯಬೇಕಾದ್ದೊಂದಿದೆ. ಲೈಸೆನ್ಸನ್ನು ನಾಳೆ ಬದಲಿಸುವ ಅಧಿಕಾರವನ್ನು ಕಂಪನಿಗೆ ಕೊಡುವ ಒಪ್ಪಂದಕ್ಕೆ ಸಹಿ ಕೇಳುತ್ತಾರೆಯೇ ಎಂದು ನೋಡಿ.

ನಿಮ್ಮದೇ ಕೋಡಿಗೆ ಲೈಸೆನ್ಸ್ ಆರಿಸುವಾಗಲೂ ಎಡವುವ ಜಾಗಗಳಿವೆ. ಏನೂ ಬರೆಯದೆ ಜಾಲಕ್ಕೆ ಹಾಕಿದರೆ ಅದು ಎಲ್ಲರದೂ ಆಗುವುದಿಲ್ಲ. ಕಾಪಿರೈಟ್ ಕಾನೂನಿನಂತೆ ಎಲ್ಲ ಹಕ್ಕು ನಿಮ್ಮಲ್ಲೇ ಉಳಿದು, ಬೇರೆಯವರು ನ್ಯಾಯವಾಗಿ ಬಳಸುವಂತಿಲ್ಲ. ಜಿಪಿಎಲ್ ಎರಡನೇ ಆವೃತ್ತಿ ಎಂದು ಬರೆಯುವಾಗ 'ಅಥವಾ ನಂತರದ ಆವೃತ್ತಿ' ಎಂಬ ಮಾತನ್ನು ಸೇರಿಸುತ್ತೀರೋ ಬಿಡುತ್ತೀರೋ ಎಂಬುದು ದೊಡ್ಡ ತೀರ್ಮಾನ. ಅದಿಲ್ಲದ ಕೋಡನ್ನು ಮೂರನೇ ಆವೃತ್ತಿಯ ಕೋಡಿನ ಜೊತೆ ಒಂದೇ ಪ್ರೋಗ್ರಾಮಿನಲ್ಲಿ ಬೆರೆಸಿ ಹಂಚುವಂತಿಲ್ಲ. ಅಪಾಚೆ 2.0 ಲೈಸೆನ್ಸಿನ ಕೋಡ್ ಮೂರನೆಯದಕ್ಕೆ ಹೊಂದುತ್ತದೆ, ಎರಡನೆಯದಕ್ಕೆ ಹೊಂದದು ಎಂಬುದು ಫೌಂಡೇಶನ್ನಿನ ನಿಲುವು. ತಪ್ಪು ಆಯ್ಕೆಯನ್ನು ಆಮೇಲೆ ತಿದ್ದುವುದು ಎಷ್ಟು ಕಷ್ಟ ಎಂದು ವಿಎಲ್‌ಸಿ ಪ್ಲೇಯರಿನವರನ್ನು ನೋಡಿ ತಿಳಿಯಬಹುದು. ಜಿಪಿಎಲ್‌ಗೂ ಆಪಲ್ ಆಪ್ ಸ್ಟೋರಿನ ಷರತ್ತುಗಳಿಗೂ ಹೊಂದದೆ 2011ರ ಜನವರಿಯಲ್ಲಿ ಅದು ಅಲ್ಲಿಂದ ಹೊರಬಿತ್ತು. ನೂರಕ್ಕೂ ಹೆಚ್ಚು ಬರಹಗಾರರನ್ನು ಹುಡುಕಿ ಒಪ್ಪಿಗೆ ಪಡೆದು ಒಳಗಿನ ಲೈಬ್ರರಿಯ ಲೈಸೆನ್ಸ್ ಬದಲಿಸಿ, ಮರಳಿ ಬರುವಷ್ಟರಲ್ಲಿ 2013 ಆಗಿತ್ತು.

ಇನ್ನು ಆ ಫೋನಿನ ವಿಷಯ. ಸೋರ್ಸ್ ಕೇಳುವುದು ನಿಮ್ಮಿಂದಾಗುವ ಕೆಲಸ. 'ಅಬೌಟ್ ಫೋನ್' ಪುಟದಿಂದ ಮಾದರಿಯ ಸಂಖ್ಯೆ, ಬಿಲ್ಡ್ ಸಂಖ್ಯೆ, ಕರ್ನಲ್ ಆವೃತ್ತಿ ಮೂರನ್ನೂ ಬರೆದುಕೊಳ್ಳಿ. ಗೂಗಲ್ಲಿಗಲ್ಲ, ಫೋನ್ ಮಾರಿದ ಬ್ರಾಂಡಿಗೆ ಪತ್ರ ಬರೆಯಿರಿ, ಏಕೆಂದರೆ ಆ ಪ್ರತಿಯನ್ನು ಹಂಚಿದ್ದು ಅವರು. ಸೋರ್ಸನ್ನು ಜೊತೆಗೇ ಕೊಡದ ಕಂಪನಿ, ಕೇಳಿದ ಯಾರಿಗಾದರೂ ಕೊಡುತ್ತೇವೆ ಎಂಬ ಲಿಖಿತ ಭರವಸೆ ನೀಡಬೇಕು, ಅದು ಕನಿಷ್ಠ ಮೂರು ವರ್ಷ ಊರ್ಜಿತದಲ್ಲಿರಬೇಕು ಎನ್ನುತ್ತದೆ ಎರಡನೇ ಆವೃತ್ತಿಯ ಮೂರನೇ ಕಲಮು. ಬಂದ ಕಡತಗಳನ್ನು ಕಂಪೈಲ್ ಮಾಡಿ ನೋಡಿ. ಸಾಮಾನ್ಯವಾಗಿ ಆಗುವ ಲೋಪ ಮೂರು ಬಗೆಯವು: ನಿಮ್ಮ ಬಿಲ್ಡ್‌ಗಿಂತ ಹಳೆಯ ಆವೃತ್ತಿ ಕೊಟ್ಟಿರುತ್ತಾರೆ, ಆ ಫೋನಿನ ಡ್ರೈವರುಗಳಿಲ್ಲದ ಬರೀ ಮೂಲ ಕರ್ನಲ್ ಕೊಟ್ಟಿರುತ್ತಾರೆ, ಇಲ್ಲವೇ ಕಾನ್ಫಿಗರೇಶನ್ ಕಡತ ಇರುವುದಿಲ್ಲ. ಇವು ಇಲ್ಲದೆ ಪೂರ್ಣ ಸೋರ್ಸ್ ಅನ್ನಿಸಿಕೊಳ್ಳದು, ಹಾಗೆಂದೇ ಮರುಪತ್ರದಲ್ಲಿ ಬರೆಯಿರಿ.

ಅದೇ ಮೂರನೇ ಕಲಮಿನಲ್ಲಿ, ಪೂರ್ಣ ಸೋರ್ಸ್ ಎಂದರೆ ಕಂಪೈಲ್ ಮಾಡುವುದನ್ನೂ ಇನ್‌ಸ್ಟಾಲ್ ಮಾಡುವುದನ್ನೂ ನಿಯಂತ್ರಿಸುವ ಸ್ಕ್ರಿಪ್ಟುಗಳು ಸೇರಿದಂತೆ ಎಂದಿದೆ. ಇನ್‌ಸ್ಟಾಲ್ ಎಂಬ ಆ ಪದದ ವ್ಯಾಪ್ತಿ ಎಲ್ಲಿಯವರೆಗೆ, ಎರಡನೇ ಆವೃತ್ತಿಯೇ ಬೀಗದ ಬಗ್ಗೆ ಏನಾದರೂ ಹೇಳುತ್ತದೆಯೇ ಎಂಬುದರಲ್ಲಿ ವಕೀಲರಲ್ಲೂ ಒಮ್ಮತವಿಲ್ಲ. ಇಂಥ ಲೈಸೆನ್ಸನ್ನು ಜಾರಿ ಮಾಡಿಸಲು ಬರುವುದು ಕೋಡ್ ಬರೆದವರಿಗೆ ಮಾತ್ರ ಎಂಬುದು ಬಹುಕಾಲದ ರೂಢಿ. 2021ರ ಅಕ್ಟೋಬರಿನಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಟೀವಿ ತಯಾರಕ ವಿಜಿಯೊ ಮೇಲೆ ಹೂಡಿದ ದಾವೆ ಆ ರೂಢಿಯನ್ನೇ ಪ್ರಶ್ನಿಸಿತು. ಅದು ಅಲ್ಲಿಗೆ ಹೋದದ್ದು ಕೋಡ್ ಬರೆದವರ ಪರವಾಗಿ ಅಲ್ಲ, ಅಂಗಡಿಯಲ್ಲಿ ಟೀವಿ ಕೊಂಡ ಗಿರಾಕಿಯಾಗಿ.